ಕಾರ್ಖಾನೆಯಲ್ಲಿ ಗಾಯ: ಪರಿಹಾರ ಮತ್ತು ಮೊದಲ ಮೂವತ್ತು ದಿನಗಳು

ಪವರ್ ಪ್ರೆಸ್‌ನ ಡೈ ನಡುವೆ ಬೆರಳು ಸಿಲುಕುವುದು, ಬೆಲ್ಟಿಗೆ ತೋಳು ಸಿಕ್ಕುವುದು, ಕಾದ ಲೋಹ ಕಾಲಿನ ಮೇಲೆ ಚೆಲ್ಲುವುದು, ಗೋದಾಮಿನಲ್ಲಿ ಪೇರಿಸಿದ ಮೂಟೆ ಜಾರಿ ಹಮಾಲರ ಸೊಂಟದ ಮೇಲೆ ಬೀಳುವುದು - ಇವು ನಮ್ಮ ಸದಸ್ಯ ಬಾಂಧವರಿಗೆ ಅಪರಿಚಿತವಾದ ಘಟನೆಗಳಲ್ಲ. ಪೀಣ್ಯದ ಪ್ರೆಸ್ ಷಾಪುಗಳಲ್ಲಾಗಲಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಾಗಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಾಗಲಿ ಯಂತ್ರ ತಿರುಗುವವರೆಗೆ ಅಪಾಯವೂ ಜೊತೆಗೇ ಇರುತ್ತದೆ. ಅಪಾಯವನ್ನು ತಗ್ಗಿಸುವುದು ಮೊದಲ ಕರ್ತವ್ಯ. ಆ ವಿಷಯವಾಗಿ ಸಾಕಷ್ಟು ಬರೆಯಲಾಗಿದೆ. ಆದರೆ ಎಲ್ಲ ಎಚ್ಚರಿಕೆಯ ನಡುವೆಯೂ ಅಪಘಾತ ಸಂಭವಿಸಿಬಿಟ್ಟರೆ ಮುಂದೇನು ಎಂಬ ಪ್ರಶ್ನೆಗೆ ಸಣ್ಣ ಉದ್ಯಮಿಗಳಲ್ಲಿ ಸ್ಪಷ್ಟ ಉತ್ತರವಿರುವುದು ವಿರಳ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮಾಲೀಕರು ಗಾಯಾಳುವನ್ನು ತಾವೇ ವಾಹನದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತಾರೆ, ಬಿಲ್ ಕಟ್ಟುತ್ತಾರೆ, ಮನೆಯವರ ಕೈಗೆ ಒಂದಿಷ್ಟು ಹಣ ಕೊಡುತ್ತಾರೆ. ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಪ್ರಾಮಾಣಿಕವಾಗಿಯೇ ಭಾವಿಸುತ್ತಾರೆ. ಒಂದೆರಡು ವರ್ಷಗಳ ನಂತರ ನೋಟೀಸು ಬಂದಾಗ "ಇಷ್ಟೆಲ್ಲ ಮಾಡಿದ ಮೇಲೂ ಹೀಗೆ ಮಾಡಿದನಲ್ಲ" ಎಂದು ನೊಂದುಕೊಳ್ಳುತ್ತಾರೆ. ಅತ್ತ ಎರಡು ಬೆರಳು ಕಳೆದುಕೊಂಡ ಕಾರ್ಮಿಕನು ಹಳೆಯ ಕೆಲಸಕ್ಕೆ ಮರಳಲಾರದೆ, ಹೊಸ ಕೆಲಸವೂ ಸಿಗದೆ, ಸಾಲ ಮಾಡಿ ಬದುಕುತ್ತಿರುತ್ತಾನೆ. ಇಬ್ಬರ ಅಸಮಾಧಾನಕ್ಕೂ ಮೂಲ ಒಂದೇ: ಪರಿಹಾರವೆಂಬುದು ದಾನವೂ ಅಲ್ಲ, ಚೌಕಾಸಿಯೂ ಅಲ್ಲ, ಕಾನೂನು ನಿಗದಿಪಡಿಸಿದ ಒಂದು ಲೆಕ್ಕ ಎಂಬ ಅರಿವಿನ ಕೊರತೆ. ಆ ಲೆಕ್ಕವನ್ನು ಅಪಘಾತವಾದ ಒಂದು ತಿಂಗಳೊಳಗೆ ಚುಕ್ತಾ ಮಾಡಿದವರಿಗೆ ಹೊರೆ ಅತ್ಯಂತ ಕಡಿಮೆ. ತಡಮಾಡಿದಷ್ಟೂ ಅದು ಬೆಳೆಯುತ್ತದೆ. ಈ ಲೇಖನದ ಉದ್ದೇಶ ಅದನ್ನು ಅಂಕಿಗಳ ಸಮೇತ ವಿವರಿಸುವುದು.

ಕಾನೂನು ನಡೆದುಬಂದ ದಾರಿ

ನಮ್ಮ ದೇಶದಲ್ಲಿ ಕೆಲಸದ ಗಾಯಕ್ಕೆ ಪರಿಹಾರ ಕೊಡುವ ಕಾನೂನು ಶತಮಾನ ದಾಟಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯು 1924ರ ಜುಲೈ 1ರಿಂದ ಜಾರಿಗೆ ಬಂದಿತು. 2009ರ ತಿದ್ದುಪಡಿಯ ಮೂಲಕ ಅದು ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. ಆ ತಿದ್ದುಪಡಿ 2010ರ ಜನವರಿ 18ರಿಂದ ಅನ್ವಯವಾಯಿತು. ಇದಕ್ಕೆ ಸಮಾನಾಂತರವಾಗಿ 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಬಂದಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭಗೊಂಡ ಈ ಯೋಜನೆಯೇ ನಾವೆಲ್ಲ ಬಲ್ಲ ಇ.ಎಸ್.ಐ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಮೇಲಿನ ಎರಡೂ ಕಾಯ್ದೆಗಳ ಸ್ಥಾನವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ಪಡೆದಿದೆ. ಇ.ಎಸ್.ಐ. ಅದರ ನಾಲ್ಕನೆಯ ಅಧ್ಯಾಯದಲ್ಲಿಯೂ, ಪರಿಹಾರದ ವಿಷಯ ಏಳನೆಯ ಅಧ್ಯಾಯದಲ್ಲಿಯೂ ಅಡಕವಾಗಿವೆ. ಹಿಂದೆ ಆಯುಕ್ತರೆಂದು ಕರೆಯಲಾಗುತ್ತಿದ್ದ ಅಧಿಕಾರಿಯನ್ನು ಸಂಹಿತೆಯು ಸಕ್ಷಮ ಪ್ರಾಧಿಕಾರ ಎನ್ನುತ್ತದೆ. ಹೆಸರು ಬದಲಾದರೂ ಪರಿಹಾರದ ಮೂಲ ಚೌಕಟ್ಟು ಬಹುಮಟ್ಟಿಗೆ ಹಿಂದಿನದೇ. ಇನ್ನೊಂದು ಮಾತು ನೆನಪಿನಲ್ಲಿರಲಿ: ಪರಿಹಾರದ ಹೊಣೆ ಹುಟ್ಟುವುದು ಅಪಘಾತದ ದಿನದಂದು. ಆದ್ದರಿಂದ ಸಂಹಿತೆ ಬರುವ ಮೊದಲು ನಡೆದ ಅಪಘಾತಗಳನ್ನು ಆ ದಿನ ಇದ್ದ ಕಾನೂನಿನ ಪ್ರಕಾರವೇ ಅಳೆಯಬೇಕು.

ಯಾರ ಹೊಣೆ ಯಾರದು?

ಗಾಯವಾದ ಕೂಡಲೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಈ ನೌಕರನು ಇ.ಎಸ್.ಐ. ವ್ಯಾಪ್ತಿಗೆ ಬರುತ್ತಾನೆಯೇ? ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಇ.ಎಸ್.ಐ. ಅನ್ವಯಿಸುತ್ತದೆ. 2017ರ ಜನವರಿ 1ರಿಂದ ವೇತನ ಮಿತಿ ತಿಂಗಳಿಗೆ 21,000 ರೂ. ಎಂದು ನಿಗದಿಯಾಯಿತು. 2019ರ ಜುಲೈನಿಂದ ಮಾಲೀಕರ ವಂತಿಗೆ ವೇತನದ ಶೇ. 3.25, ನೌಕರನದು ಶೇ. 0.75 ಎಂದಾಯಿತು. ಈ ವ್ಯಾಪ್ತಿಯಲ್ಲಿರುವ ನೌಕರನಿಗೆ ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯ ಜೊತೆಗೆ, ತಾತ್ಕಾಲಿಕ ಅಸಾಮರ್ಥ್ಯದ ಅವಧಿಯಲ್ಲಿ ವೇತನದ ಶೇ. 90ರಷ್ಟು ಭತ್ಯೆ ದೊರೆಯುತ್ತದೆ. ಶಾಶ್ವತ ನಷ್ಟವಾದಲ್ಲಿ ವೈದ್ಯಕೀಯ ಮಂಡಳಿ ನಿರ್ಧರಿಸುವ ಪ್ರಮಾಣಕ್ಕೆ ತಕ್ಕಂತೆ ಜೀವನಪರ್ಯಂತ ಮಾಸಿಕ ಪಾವತಿ ಇರುತ್ತದೆ. ಮರಣ ಸಂಭವಿಸಿದರೆ ಅವಲಂಬಿತರಿಗೆ ಮಾಸಿಕ ಸೌಲಭ್ಯ ಸಲ್ಲುತ್ತದೆ. ಕಾಯಿಲೆಯ ಸೌಲಭ್ಯಕ್ಕೆ ಇರುವಂತೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಕೆಲಸದ ಗಾಯಕ್ಕೆ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸೌಲಭ್ಯ ಉಂಟು.

ಇ.ಎಸ್.ಐ. ಸೌಲಭ್ಯಕ್ಕೆ ಅರ್ಹನಾದ ನೌಕರನು ಅದೇ ಗಾಯಕ್ಕಾಗಿ ಮಾಲೀಕರಿಂದ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲ. ದೂರದರ್ಶನ ಯಂತ್ರ ದುರಸ್ತಿ ಮಾಡುವಾಗ ಬಿಡಿಭಾಗ ಸಿಡಿದು ಕಣ್ಣಿಗೆ ಪೆಟ್ಟಾದ ನೌಕರನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ತಿಂಗಳಿಗೆ 14,000 ರೂ. ವೇತನದ ನೌಕರನಿಗಾಗಿ ಮಾಲೀಕರು ಕಟ್ಟುವ ವಂತಿಗೆ 455 ರೂ. ಲಕ್ಷಗಟ್ಟಲೆ ಹೊಣೆಯಿಂದ ಉದ್ಯಮವನ್ನು ಕಾಪಾಡುವುದು ಈ ಸಣ್ಣ ಮೊತ್ತವೇ. ಹೀಗಿರುವಾಗ "ಮೂರು ತಿಂಗಳು ಕೆಲಸ ನೋಡಿ ಆಮೇಲೆ ಹೆಸರು ಸೇರಿಸೋಣ" ಎಂಬ ರೂಢಿ ಲಾಭದ್ದಲ್ಲ. ಮಾಲೀಕರು ವಂತಿಗೆ ಕಟ್ಟಿಲ್ಲವೆಂಬ ಕಾರಣಕ್ಕೆ ನೌಕರನ ಹಕ್ಕು ಅಳಿಯುವುದಿಲ್ಲವೆಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿದೆ. ನಿಗಮವು ಸೌಲಭ್ಯ ನೀಡಿ, ಬಳಿಕ ಮಾಲೀಕರಿಂದ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಇ.ಎಸ್.ಐ. ವ್ಯಾಪ್ತಿಗೆ ಬಾರದವರ ವಿಷಯದಲ್ಲಿ ಪರಿಹಾರದ ಹೊಣೆ ನೇರವಾಗಿ ಮಾಲೀಕರ ಮೇಲೆ ಬೀಳುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಘಟಕಗಳ ಕಾರ್ಮಿಕರು ಮತ್ತು ವೇತನ ಮಿತಿ ಮೀರಿದ ನೌಕರರು ಈ ಗುಂಪಿಗೆ ಸೇರುತ್ತಾರೆ. ನಾಲ್ಕೈದು ಪ್ರೆಸ್ಸು, ಆರೇಳು ಹುಡುಗರು ಇರುವ ಘಟಕಗಳು ನಮ್ಮಲ್ಲಿ ಅಸಂಖ್ಯ. "ನಮ್ಮದು ಕಾರ್ಖಾನೆಯ ವ್ಯಾಖ್ಯೆಗೇ ಬರುವುದಿಲ್ಲ" ಎಂದು ಇವರು ನಿಶ್ಚಿಂತರಾಗಿರುವುದುಂಟು. ವಿದ್ಯುಚ್ಛಕ್ತಿ ಬಳಸುವ ಘಟಕದಲ್ಲಿ ಇಪ್ಪತ್ತು ಮಂದಿ ಇದ್ದರೆ ಮಾತ್ರ ಅದು ಕಾರ್ಖಾನೆಯೆಂದು ಹೊಸ ಸುರಕ್ಷತಾ ಸಂಹಿತೆ ಹೇಳುವುದು ನಿಜ. ಆದರೆ ಪರಿಹಾರದ ಹೊಣೆಗೆ ಆ ಸಂಖ್ಯೆಯ ಹಂಗಿಲ್ಲ. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳು ಸ್ವಇಚ್ಛೆಯಿಂದ ಇ.ಎಸ್.ಐ. ಸೇರಲು ಸಂಹಿತೆಯಲ್ಲಿ ಅವಕಾಶವಿರುವುದನ್ನು ಇಂತಹವರು ಪರಿಶೀಲಿಸಬೇಕು.

ತಪ್ಪು ಯಾರದೆಂಬುದು ಮುಖ್ಯವಲ್ಲ

"ಅವನ ಅಜಾಗರೂಕತೆಯಿಂದಲೇ ಆಯಿತು" - ಇದು ಮಾಲೀಕರು ಮೊದಲು ಹೇಳುವ ಮಾತು. ಆದರೆ ಈ ಕಾನೂನಿನ ತಳಹದಿಯೇ ಬೇರೆ. ಗಾಯವು ಕೆಲಸದ ಕಾರಣದಿಂದ ಮತ್ತು ಕೆಲಸದ ಅವಧಿಯಲ್ಲಿ ಆಗಿದ್ದರೆ ಸಾಕು. ಮಾಲೀಕರ ತಪ್ಪನ್ನು ಕಾರ್ಮಿಕನು ಸಾಬೀತುಪಡಿಸಬೇಕಿಲ್ಲ. ಕಾರ್ಮಿಕನ ಸಾಮಾನ್ಯ ಅಜಾಗರೂಕತೆಯೂ ಪರಿಹಾರಕ್ಕೆ ಅಡ್ಡಿಯಲ್ಲ.

ಮಾಲೀಕರಿಗೆ ಉಳಿದಿರುವ ವಿನಾಯಿತಿಗಳು ಕೆಲವೇ. ಅಸಾಮರ್ಥ್ಯವು ಮೂರು ದಿನಗಳನ್ನು ಮೀರದಿದ್ದರೆ ಹೊಣೆಯಿಲ್ಲ. ಅಪಘಾತದ ವೇಳೆ ನೌಕರನು ಮದ್ಯದ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿದ್ದು ಗಾಯಕ್ಕೆ ಅದೇ ನೇರ ಕಾರಣವಾಗಿದ್ದರೆ, ಸುರಕ್ಷತೆಗಾಗಿ ಸ್ಪಷ್ಟವಾಗಿ ನೀಡಿದ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ಅಥವಾ ಗಾರ್ಡ್ ಮುಂತಾದ ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದಿದ್ದರೆ ಮಾಲೀಕರು ವಿನಾಯಿತಿ ಕೋರಬಹುದು. ಆದರೆ ಮರಣ ಅಥವಾ ಶಾಶ್ವತ ಪೂರ್ಣ ಅಸಾಮರ್ಥ್ಯ ಉಂಟಾದಾಗ ಈ ಕೊನೆಯ ಮೂರು ವಿನಾಯಿತಿಗಳೂ ಅನ್ವಯಿಸುವುದಿಲ್ಲ. ಉತ್ಪಾದನೆ ಹೆಚ್ಚಲೆಂದು ಪ್ರೆಸ್‌ನ ಗಾರ್ಡನ್ನು ಮಾಲೀಕರೋ ಮೇಸ್ತ್ರಿಯೋ ತೆಗೆಸಿ ಇರಿಸಿದ್ದಾಗ "ಅವನೇ ತೆಗೆದ" ಎಂಬ ವಾದ ನಿಲ್ಲುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಕೆಲಸಕ್ಕೆ ಬರುವ ಹೋಗುವ ದಾರಿಯಲ್ಲಿ ಆಗುವ ಅಪಘಾತದ ಬಗ್ಗೆಯೂ ಎಚ್ಚರ ಅಗತ್ಯ. ಅಪಘಾತದ ಸಂದರ್ಭ, ಸಮಯ, ಸ್ಥಳಗಳಿಗೂ ಉದ್ಯೋಗಕ್ಕೂ ಸಂಬಂಧವಿರುವುದು ರುಜುವಾತಾದರೆ ಅದನ್ನೂ ಕೆಲಸದ ಅಪಘಾತವೆಂದೇ ಸಂಹಿತೆ ಪರಿಗಣಿಸುತ್ತದೆ. ಸಂಹಿತೆ ಜಾರಿಯಾಗುವ ಮೊದಲೇ, 2025ರ ಜುಲೈನಲ್ಲಿ, ಸಕ್ಕರೆ ಕಾರ್ಖಾನೆಯ ರಾತ್ರಿ ಕಾವಲುಗಾರನು ಕೆಲಸಕ್ಕೆ ಬರುವಾಗ ರಸ್ತೆಯಲ್ಲಿ ಮೃತನಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1923ರ ಕಾಯ್ದೆಗೂ ಇದೇ ಅರ್ಥ ನೀಡಿತ್ತು. ಆ ಅಪಘಾತ ನಡೆದದ್ದು 2003ರಲ್ಲಿ. ಕುಟುಂಬವು ಇಪ್ಪತ್ತೆರಡು ವರ್ಷ ಕಾಯಬೇಕಾಯಿತು.

ಪರಿಹಾರದ ಲೆಕ್ಕ ಹೇಗೆ?

ಲೆಕ್ಕಕ್ಕೆ ಬೇಕಾದವು ಮೂರು: ಮಾಸಿಕ ವೇತನ, ವಯಸ್ಸಿಗೆ ತಕ್ಕ ಗುಣಕ, ದುಡಿಮೆಯ ಸಾಮರ್ಥ್ಯದಲ್ಲಾದ ನಷ್ಟದ ಪ್ರಮಾಣ. ಮರಣಕ್ಕೆ ವೇತನದ ಶೇ. 50ನ್ನು ಗುಣಕದಿಂದ ಗುಣಿಸಬೇಕು. ಶಾಶ್ವತ ಪೂರ್ಣ ಅಸಾಮರ್ಥ್ಯಕ್ಕೆ ಶೇ. 60ನ್ನು. ಶಾಶ್ವತ ಭಾಗಶಃ ಅಸಾಮರ್ಥ್ಯಕ್ಕೆ ಪೂರ್ಣ ಅಸಾಮರ್ಥ್ಯದ ಮೊತ್ತದಲ್ಲಿ ನಷ್ಟದ ಶೇಕಡಾವಾರು ಪಾಲು. ಗುಣಕವು ವಯಸ್ಸು ಹೆಚ್ಚಿದಂತೆ ಇಳಿಯುತ್ತದೆ: 20 ವರ್ಷಕ್ಕೆ 224.00, 30ಕ್ಕೆ 207.98, 40ಕ್ಕೆ 184.17. ಅಂದರೆ ಕಿರಿಯ ಕಾರ್ಮಿಕನ ಗಾಯಕ್ಕೆ ಪರಿಹಾರ ಹೆಚ್ಚು, ಏಕೆಂದರೆ ಅವನು ಕಳೆದುಕೊಂಡ ದುಡಿಮೆಯ ವರ್ಷಗಳು ಹೆಚ್ಚು.

ಉದಾಹರಣೆಗೆ, ಮೂವತ್ತು ವರ್ಷದ, ತಿಂಗಳಿಗೆ 14,000 ರೂ. ಪಡೆಯುವ ಪ್ರೆಸ್ ಆಪರೇಟರ್ ಒಬ್ಬನನ್ನು ತೆಗೆದುಕೊಳ್ಳೋಣ.

ಮರಣ ಸಂಭವಿಸಿದರೆ: 7,000 × 207.98 = 14,55,860 ರೂ.
ಶಾಶ್ವತ ಪೂರ್ಣ ಅಸಾಮರ್ಥ್ಯ: 8,400 × 207.98 = 17,47,032 ರೂ.
ಹೆಬ್ಬೆರಳಿನ ನಷ್ಟ, ಅನುಸೂಚಿಯಂತೆ ಶೇ. 30: 5,24,110 ರೂ.
ಒಂದು ಕೈಯ ಎರಡು ಬೆರಳುಗಳ ನಷ್ಟ, ಶೇ. 20: 3,49,406 ರೂ.

ಇದರ ಜೊತೆಗೆ ಚಿಕಿತ್ಸೆಗೆ ತಗುಲಿದ ನೈಜ ವೆಚ್ಚವನ್ನೂ ಮಾಲೀಕರು ಭರಿಸಬೇಕು. ಆಸ್ಪತ್ರೆಯ ಬಿಲ್ ಕಟ್ಟಿದ್ದನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ ಎಂಬುದನ್ನು ಬಹಳ ಜನ ಅರಿತಿಲ್ಲ. ಗಾಯ ವಾಸಿಯಾಗುವವರೆಗಿನ ತಾತ್ಕಾಲಿಕ ಅಸಾಮರ್ಥ್ಯಕ್ಕೆ ಹದಿನೈದು ದಿನಕ್ಕೊಮ್ಮೆ ಮಾಸಿಕ ವೇತನದ ಶೇ. 25ರಷ್ಟು ಕೊಡಬೇಕು, ಮೇಲಿನ ಉದಾಹರಣೆಯಲ್ಲಿ ಅದು 3,500 ರೂ. ಅಸಾಮರ್ಥ್ಯವು 28 ದಿನ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮೊದಲ ದಿನದಿಂದಲೇ ಲೆಕ್ಕ. ಗರಿಷ್ಠ ಅವಧಿ ಐದು ವರ್ಷ.

ವೇತನದ ಬಗ್ಗೆ ಎರಡು ಸೂಚನೆಗಳು. ಮೊದಲನೆಯದು, ಎಷ್ಟೇ ವೇತನವಿದ್ದರೂ ಲೆಕ್ಕಕ್ಕೆ ಒಂದು ಮಿತಿ ಇದೆ. 2010ರಲ್ಲಿ 8,000 ರೂ. ಇದ್ದ ಈ ಮಿತಿಯನ್ನು 2020ರ ಜನವರಿ 3ರಿಂದ 15,000 ರೂ.ಗೆ ಏರಿಸಲಾಯಿತು. ಮಿತಿಯನ್ನು ಅಧಿಸೂಚನೆಯ ಮೂಲಕ ಬದಲಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆದ್ದರಿಂದ ಅಪಘಾತದ ದಿನ ಜಾರಿಯಲ್ಲಿದ್ದ ಮಿತಿಯನ್ನೇ ನೋಡಿಕೊಳ್ಳಬೇಕು. ಎರಡನೆಯದು, ಮೂಲ ವೇತನ ಕಡಿಮೆ ತೋರಿಸಿ ಉಳಿದದ್ದನ್ನು ಭತ್ಯೆಗಳಾಗಿ ಕೊಡುವ ಪದ್ಧತಿ ಇನ್ನು ನಡೆಯದು. ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಸಂಹಿತೆ ಎಣಿಸುತ್ತದೆ.

ಶೇಕಡಾವಾರಿನ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಅಂಗದ ನಷ್ಟ ಬೇರೆ, ದುಡಿಮೆಯ ನಷ್ಟ ಬೇರೆ. ಚಿತ್ರಮಂದಿರವೊಂದರ ಅಲಂಕಾರ ಕೆಲಸದಲ್ಲಿದ್ದ ಬಡಗಿಯೊಬ್ಬನು 1969ರಲ್ಲಿ ಬಿದ್ದು, ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು. ಅನುಸೂಚಿಯ ಪ್ರಕಾರ ಇದು ಭಾಗಶಃ ನಷ್ಟವೆಂದು ಮಾಲೀಕರು ವಾದಿಸಿದರು. ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಅವನ ಪಾಲಿಗೆ ಇದು ಪೂರ್ಣ ಅಸಾಮರ್ಥ್ಯವೇ ಎಂಬ ಆಯುಕ್ತರ ತೀರ್ಮಾನವನ್ನು 1975ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಐವತ್ತು ವರ್ಷ ಕಳೆದರೂ ಇಂದಿಗೂ ಪರಿಹಾರದ ಮೊಕದ್ದಮೆಗಳಲ್ಲಿ ಆಧಾರವಾಗಿ ನಿಲ್ಲುವ ತೀರ್ಪು ಇದು.

ತಡಮಾಡಿದರೆ ಬೀಳುವ ಹೊರೆ

ಅದೇ ತೀರ್ಪು ಇನ್ನೊಂದು ಮುಖ್ಯ ಮಾತನ್ನೂ ಹೇಳಿತು: ಪರಿಹಾರ ಕೊಡುವ ಹೊಣೆ ಆದೇಶ ಬಂದ ದಿನದಿಂದಲ್ಲ, ಅಪಘಾತದ ದಿನದಿಂದಲೇ ಆರಂಭವಾಗುತ್ತದೆ. ಮಧ್ಯೆ ಈ ಬಗ್ಗೆ ಗೊಂದಲ ಮೂಡಿದ್ದಾಗ 2012ರಲ್ಲಿ ಮತ್ತು 2022ರಲ್ಲಿ ನ್ಯಾಯಾಲಯವು ಅದನ್ನೇ ಪುನರುಚ್ಚರಿಸಿತು. ಒಂದು ತಿಂಗಳೊಳಗೆ ಪಾವತಿಸದಿದ್ದರೆ ವಾರ್ಷಿಕ ಶೇ. 12ರಂತೆ ಸರಳ ಬಡ್ಡಿ ಕೊಡಬೇಕು. ತಡಮಾಡಿದ್ದಕ್ಕೆ ಸಮರ್ಪಕ ಕಾರಣವಿಲ್ಲವೆಂದು ಕಂಡುಬಂದರೆ, ಮಾಲೀಕರ ಅಹವಾಲು ಕೇಳಿದ ನಂತರ, ಪರಿಹಾರದ ಅರ್ಧದವರೆಗೆ ಹೆಚ್ಚುವರಿ ಮೊತ್ತವನ್ನೂ ವಿಧಿಸಬಹುದು.

ಎರಡು ಬೆರಳು ಕಳೆದುಕೊಂಡ ಮೇಲಿನ ಆಪರೇಟರ್‌ನ ಪ್ರಕರಣಕ್ಕೆ ಇದನ್ನು ಅನ್ವಯಿಸೋಣ. ಮೊದಲ ತಿಂಗಳಲ್ಲಿ ಕೊಡಬೇಕಾಗಿದ್ದುದು 3,49,406 ರೂ. ಮೊಕದ್ದಮೆ ನಾಲ್ಕು ವರ್ಷ ನಡೆದರೆ ಬಡ್ಡಿ 1,67,715 ರೂ. ಗರಿಷ್ಠ ದಂಡ ಬಿದ್ದರೆ 1,74,703 ರೂ. ಒಟ್ಟು 6,91,824 ರೂ. ವಕೀಲರ ಶುಲ್ಕ, ಅಲೆದಾಟ ಇದರ ಹೊರಗೆ. ಅಂದರೆ ಹೊಣೆಯನ್ನು ನಿರಾಕರಿಸಿದ ಫಲವಾಗಿ ಹೊಣೆ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಮೊತ್ತದ ಬಗ್ಗೆ ನಿಜವಾದ ಭಿನ್ನಾಭಿಪ್ರಾಯವಿದ್ದರೆ ಕಾನೂನೇ ದಾರಿ ತೋರಿಸಿದೆ. ಮಾಲೀಕರು ತಾವು ಒಪ್ಪುವಷ್ಟು ಮೊತ್ತವನ್ನು ತಕ್ಷಣ ಪಾವತಿಸಿ ಅಥವಾ ಠೇವಣಿ ಇಟ್ಟು, ಉಳಿದದ್ದರ ಬಗ್ಗೆ ವಾದ ಮಾಡಬಹುದು. ಶೇ. 20 ಎಂದು ತಾವು, ಶೇ. 30 ಎಂದು ಕಾರ್ಮಿಕನು ಹೇಳುತ್ತಿದ್ದರೆ, ಶೇ. 20ರ ಮೊತ್ತವನ್ನು ಕಟ್ಟಿಬಿಡುವುದೇ ವಿವೇಕ. ಬಡ್ಡಿ ದಂಡಗಳು ಆಗ ವಿವಾದದ ಭಾಗಕ್ಕಷ್ಟೇ ಸೀಮಿತವಾಗುತ್ತವೆ.

ಕೈಗೆ ಕೊಟ್ಟ ಹಣ, ಬರೆಸಿಕೊಂಡ ಕಾಗದ

ಹಿರಿಯರ ಸಮ್ಮುಖದಲ್ಲಿ ಹಣ ಕೊಟ್ಟು, "ಇನ್ನು ಯಾವುದೇ ತಕರಾರಿಲ್ಲ" ಎಂದು ಮುಚ್ಚಳಿಕೆ ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ವ್ಯಾಪಕ. ಸದುದ್ದೇಶದಿಂದ ಮಾಡಿದರೂ ಇದು ಅಪಾಯಕಾರಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ತಗ್ಗಿಸುವ ಯಾವುದೇ ಕರಾರು ಕಾನೂನಿನ ಕಣ್ಣಿನಲ್ಲಿ ಶೂನ್ಯ.

ಮರಣದ ಪ್ರಕರಣದಲ್ಲಂತೂ ನಿಯಮ ಇನ್ನೂ ಕಟ್ಟುನಿಟ್ಟು. ಪರಿಹಾರವನ್ನು ಪ್ರಾಧಿಕಾರದಲ್ಲಿಯೇ ಠೇವಣಿ ಇಡಬೇಕು. ನೇರವಾಗಿ ಮನೆಯವರಿಗೆ ಕೊಟ್ಟದ್ದನ್ನು ಪರಿಹಾರದ ಪಾವತಿಯೆಂದು ಪರಿಗಣಿಸುವುದಿಲ್ಲ. ಮೂರು ತಿಂಗಳ ವೇತನಕ್ಕೆ ಸಮನಾದ ಮುಂಗಡಕ್ಕೆ ಮಾತ್ರ 1923ರ ಕಾಯ್ದೆ ರಿಯಾಯಿತಿ ತೋರಿತ್ತು. ಈ ನಿಯಮದ ಹಿಂದೆ ಅರ್ಥವಿದೆ. ಹಣ ಮಾವನ ಕೈಗೋ ಮೈದುನನ ಕೈಗೋ ಸೇರಿ, ವಿಧವೆಗೂ ಮಕ್ಕಳಿಗೂ ಏನೂ ದಕ್ಕದೆ ಹೋಗುವ ಸಂಭವ ಇದ್ದೇ ಇದೆ. ಪ್ರಾಧಿಕಾರವು ಅವಲಂಬಿತರನ್ನು ಗುರುತಿಸಿ, ಹಂಚಿಕೆ ಮಾಡಿ, ಅಪ್ರಾಪ್ತರ ಪಾಲನ್ನು ಭದ್ರವಾಗಿಡುತ್ತದೆ. ಮಾಲೀಕರ ದೃಷ್ಟಿಯಿಂದ ಹೇಳುವುದಾದರೆ, ಸರಿಯಾದ ಕಡೆ ಠೇವಣಿ ಇಡದವರು ಒಂದೇ ಸಾಲವನ್ನು ಎರಡು ಬಾರಿ ತೀರಿಸಬೇಕಾಗಿ ಬರಬಹುದು.

ಗಾಯದ ಪ್ರಕರಣದಲ್ಲಿ ಒಪ್ಪಂದಕ್ಕೆ ಅವಕಾಶವಿದೆ. ಆದರೆ ಅದನ್ನು ಪ್ರಾಧಿಕಾರದ ಮುಂದೆ ನೋಂದಾಯಿಸಬೇಕು. ಮೊತ್ತ ಕಡಿಮೆಯೆಂದೋ ವಂಚನೆಯಿಂದ ಪಡೆದದ್ದೆಂದೋ ಕಂಡರೆ ನೋಂದಣಿಯನ್ನು ನಿರಾಕರಿಸಬಹುದು. ನೋಂದಾಯಿಸದೆ ಹಣ ಕೊಟ್ಟ ಮಾಲೀಕರು ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುರಿದುಕೊಳ್ಳುವಂತಿಲ್ಲವೆಂದು, ಆಯುಕ್ತರು ಬೇರೆ ರೀತಿ ನಿರ್ದೇಶಿಸದ ಹೊರತು, 1923ರ ಕಾಯ್ದೆ ಹೇಳಿತ್ತು. ಎರಡು ಲಕ್ಷ ಕೊಟ್ಟವರಿಗೆ ಒಂದೇ ಲಕ್ಷದ ಲೆಕ್ಕ ಸಿಗುವ ಸ್ಥಿತಿ ಅದು.

ಗುತ್ತಿಗೆಯ ಕೆಲಸಗಾರರು

"ಅವನು ನಮ್ಮ ಆಳಲ್ಲ, ಗುತ್ತಿಗೆದಾರರ ಆಳು" ಎಂಬ ಉತ್ತರವೂ ಸಾಮಾನ್ಯ. ತಮ್ಮ ವ್ಯವಹಾರದ ಭಾಗವಾಗಿಯೇ ನಡೆಯುವ ಕೆಲಸವನ್ನು ಗುತ್ತಿಗೆಗೆ ಕೊಟ್ಟು, ಅಪಘಾತ ತಮ್ಮ ಆವರಣದಲ್ಲಿ ಅಥವಾ ತಮ್ಮ ನಿಯಂತ್ರಣದ ಸ್ಥಳದಲ್ಲಿ ನಡೆದರೆ, ಕಾರ್ಮಿಕನು ನೇರವಾಗಿ ಮುಖ್ಯ ಮಾಲೀಕರಿಂದಲೇ ಪರಿಹಾರ ಕೇಳಬಹುದು. ಕೊಟ್ಟ ಮೊತ್ತವನ್ನು ಗುತ್ತಿಗೆದಾರರಿಂದ ಮರಳಿ ಪಡೆಯುವ ಹಕ್ಕು ಮಾಲೀಕರಿಗೆ ಇದೆಯಾದರೂ, ಆ ಗುತ್ತಿಗೆದಾರರಲ್ಲಿ ಕೊಡುವ ಶಕ್ತಿ ಇರಬೇಕಲ್ಲ! ಆದ್ದರಿಂದ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಅವರ ಇ.ಎಸ್.ಐ. ಸಂಖ್ಯೆ, ವಿಮಾ ಪಾಲಿಸಿ, ಕಾರ್ಮಿಕರ ಪಟ್ಟಿಗಳನ್ನು ಕೇಳಿ ಪಡೆಯುವುದು ಒಳಿತು.

ದಿನಗೂಲಿಯವರ ವಿಷಯದಲ್ಲಿಯೂ ಭ್ರಮೆ ಬೇಡ. ತಾತ್ಕಾಲಿಕ ಸ್ವರೂಪದ ಕೆಲಸಗಾರರಲ್ಲಿ ಕೆಲವರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯಲ್ಲಿಯೇ ಕಾಯ್ದೆಯಿಂದ ತೆಗೆದುಹಾಕಲಾಗಿತ್ತು.

ಕಾರ್ಮಿಕನ ಅರ್ಜಿ ಸಾಗುವ ದಾರಿ

ಕಾರ್ಮಿಕನು ಪರಿಹಾರವನ್ನು ಹೇಗೆ ಕೇಳುತ್ತಾನೆಂಬುದು ಮಾಲೀಕರಿಗೂ ತಿಳಿದಿರಬೇಕು. ಅಪಘಾತದ ಬಗ್ಗೆ ಆದಷ್ಟು ಬೇಗ ಮಾಲೀಕರಿಗೆ ಸೂಚನೆ ಕೊಡಬೇಕು. ಆದರೆ ಮಾಲೀಕರಿಗೆ ಬೇರೆ ರೀತಿಯಲ್ಲಿ ವಿಷಯ ತಿಳಿದಿದ್ದರೆ ಸೂಚನೆಯ ಕೊರತೆ ಅಡ್ಡಿಯಾಗದು. ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ತಡವಾದುದಕ್ಕೆ ಸಾಕಷ್ಟು ಕಾರಣವಿದ್ದರೆ ಆ ಅವಧಿಯನ್ನೂ ಮನ್ನಿಸಬಹುದು. ಸೂಚನೆ ಬಂದ ಮೂರು ದಿನಗಳೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ವೈದ್ಯಕೀಯ ಪರೀಕ್ಷೆ ಮಾಡಿಸಲು ಮುಂದಾದರೆ ಕಾರ್ಮಿಕನು ಒಪ್ಪಬೇಕು.

ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲಷ್ಟೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಸ್ಥಳದಲ್ಲಿಯೂ ಸಲ್ಲಿಸಬಹುದು. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಕಾರ್ಮಿಕನು ಮೃತನಾದರೆ ಅವನ ಪತ್ನಿ ತನ್ನ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು; ಆಗ ಅಲ್ಲಿಗೆ ಅಲೆಯಬೇಕಾದವರು ಮಾಲೀಕರು. ಕರ್ನಾಟಕದಲ್ಲಿ 1923ರ ಕಾಯ್ದೆಯ ಕೊನೆಯ ವರ್ಷಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ಈ ಅರ್ಜಿಗಳನ್ನು ವಿಚಾರಣೆ ಮಾಡುತ್ತಿದ್ದರು. ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕೆಂದು 2009ರ ತಿದ್ದುಪಡಿ ಹೇಳಿತ್ತಾದರೂ, ಹೊಣೆಯನ್ನು ನಿರಾಕರಿಸಿದ ಪ್ರಕರಣಗಳು ವರ್ಷಗಟ್ಟಲೆ ಎಳೆದದ್ದೇ ಅನುಭವ. ಆದೇಶದ ವಿರುದ್ಧ ಮಾಲೀಕರು ಹೈಕೋರ್ಟಿಗೆ ಹೋಗುವುದಾದರೆ ಆದೇಶಿತ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಅಲ್ಲಿಯೂ ಗಣನೀಯ ಕಾನೂನು ಪ್ರಶ್ನೆ ಇದ್ದರಷ್ಟೇ ಮೇಲ್ಮನವಿ ಅಂಗೀಕಾರವಾಗುತ್ತದೆ.

ಈ ಎಲ್ಲ ಹಕ್ಕುಗಳ ಬಗ್ಗೆ ನೌಕರನಿಗೆ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಲಿಖಿತವಾಗಿ ತಿಳಿಸುವುದು 2017ರ ತಿದ್ದುಪಡಿಯಿಂದ ಮಾಲೀಕರ ಕರ್ತವ್ಯವಾಯಿತು. "ಹೇಳಿಕೊಟ್ಟರೆ ನಾಳೆ ನಮ್ಮ ಮೇಲೇ ಕೇಸು ಹಾಕುತ್ತಾರೆ" ಎಂಬ ಭಯ ಕೆಲವರಲ್ಲಿದೆ. ನಿಜವಾಗಿ, ತನಗೆ ಸಲ್ಲಬೇಕಾದದ್ದು ತಾನಾಗಿಯೇ ಸಲ್ಲುತ್ತದೆಂಬ ನಂಬಿಕೆ ಇರುವ ಕಾರ್ಮಿಕನು ಮೊಕದ್ದಮೆಯ ದಾರಿ ಹಿಡಿಯುವುದು ಅಪರೂಪ.

ವಿಮೆ ಎಷ್ಟು ಕಾಪಾಡುತ್ತದೆ?

ಇ.ಎಸ್.ಐ. ಇಲ್ಲದ ಘಟಕಗಳು ನೌಕರರ ಪರಿಹಾರದ ವಿಮಾ ಪಾಲಿಸಿಯನ್ನು ಪಡೆಯಲೇಬೇಕು. ಆದರೆ ಪಾಲಿಸಿಯ ಷರತ್ತುಗಳನ್ನು ಓದಿ ಪಡೆಯಬೇಕು. ತಡಮಾಡಿದ್ದಕ್ಕೆ ಬೀಳುವ ದಂಡ ವಿಮಾ ಕಂಪನಿಯ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿದೆ. ಬಡ್ಡಿಯನ್ನು ಸಹ ಪಾಲಿಸಿಯ ಷರತ್ತಿನ ಮೂಲಕ ಹೊರಗಿಡಬಹುದೆಂದು 2006ರಲ್ಲಿ ಹೇಳಿದೆ. ಘೋಷಿಸಿದ ಕಾರ್ಮಿಕರ ಸಂಖ್ಯೆ, ವೇತನ, ಕೆಲಸದ ಸ್ವರೂಪ ವಾಸ್ತವಕ್ಕೆ ಹೊಂದದಿದ್ದರೆ ಅಲ್ಲಿಂದಲೇ ತಕರಾರು ಶುರುವಾಗುತ್ತದೆ. ಪ್ರೆಸ್ ನಡೆಸುವವನನ್ನು ಸಹಾಯಕನೆಂದು ಬರೆಸಿ ಕಂತು ಉಳಿಸುವುದು ದುಬಾರಿ ಉಳಿತಾಯ.

ಮೊದಲ ಮೂವತ್ತು ದಿನಗಳಲ್ಲಿ ಮಾಡಬೇಕಾದದ್ದು

1. ಚಿಕಿತ್ಸೆ ಮೊದಲು. ತುಂಡಾದ ಬೆರಳನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಗಾಯಾಳುವಿನೊಂದಿಗೇ ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಅಪಘಾತ ಎಲ್ಲಿ, ಹೇಗೆ ಆಯಿತೆಂಬುದನ್ನು ಆಸ್ಪತ್ರೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಬೇಕು. "ಮನೆಯಲ್ಲಿ ಬಿದ್ದ" ಎಂದು ಬರೆಸುವುದು ಮುಂದೆ ಇಬ್ಬರಿಗೂ ಮುಳುವಾಗುತ್ತದೆ.

2. ಅಪಘಾತ ವಹಿಯಲ್ಲಿ ಅದೇ ದಿನ ನಮೂದಿಸಿ, ಸಾಕ್ಷಿಗಳ ಹೇಳಿಕೆ ಪಡೆಯಬೇಕು. ಯಂತ್ರದ ಛಾಯಾಚಿತ್ರ ತೆಗೆದಿಡಬೇಕು.

3. ಇ.ಎಸ್.ಐ. ನೌಕರನಾದರೆ ಅಪಘಾತ ವರದಿಯನ್ನು ತಡಮಾಡದೆ ಸಲ್ಲಿಸಬೇಕು. ಮರಣ ಅಥವಾ ಗಂಭೀರ ಗಾಯದ ಸಂದರ್ಭದಲ್ಲಿ ಸಂಬಂಧಿತ ಪ್ರಾಧಿಕಾರಕ್ಕೆ ಏಳು ದಿನಗಳೊಳಗೆ ವರದಿ ಹೋಗಬೇಕು.

4. ವಿಮಾ ಕಂಪನಿಗೆ ಅದೇ ವಾರ ಲಿಖಿತ ಸೂಚನೆ ಕೊಟ್ಟು ಸ್ವೀಕೃತಿ ಪಡೆಯಬೇಕು.

5. ಹಾಜರಿ ಪುಸ್ತಕ, ವೇತನ ವಹಿ, ವಯಸ್ಸಿನ ದಾಖಲೆ, ಚಿಕಿತ್ಸೆಯ ಬಿಲ್‌ಗಳನ್ನು ಒಂದೇ ಕಡತದಲ್ಲಿ ಇಡಬೇಕು.

6. ತಾತ್ಕಾಲಿಕ ಅಸಾಮರ್ಥ್ಯದ ಅರ್ಧಮಾಸಿಕ ಪಾವತಿಯನ್ನು ಬ್ಯಾಂಕಿನ ಮೂಲಕವೇ ಆರಂಭಿಸಬೇಕು.

7. ಪರಿಹಾರದ ಲೆಕ್ಕ ಮಾಡಿಸಿ, ಒಪ್ಪಿದ ಮೊತ್ತವನ್ನು ತಿಂಗಳು ತುಂಬುವ ಮೊದಲೇ ಕಟ್ಟಬೇಕು. ಒಪ್ಪಂದವಾಗಿದ್ದರೆ ನೋಂದಾಯಿಸಬೇಕು.

8. ಅದೇ ಯಂತ್ರದಲ್ಲಿ ಇನ್ನೊಬ್ಬನನ್ನು ಕೂರಿಸುವ ಮೊದಲು ಗಾರ್ಡ್, ಕ್ಲಚ್, ಪೆಡಲ್‌ಗಳನ್ನು ತಪಾಸಣೆ ಮಾಡಿಸಬೇಕು.

ಪರಿಹಾರ ಕೊಟ್ಟ ಮಾತ್ರಕ್ಕೆ ಕಳೆದುಹೋದ ಬೆರಳು ಮರಳಿ ಬಾರದು. ಆ ಕಾರ್ಮಿಕನಿಗೆ ಅಳತೆ ಪರೀಕ್ಷೆ, ಸ್ಟೋರ್ಸ್, ಪ್ಯಾಕಿಂಗ್ ಮುಂತಾದ ಬೇರೆ ಕೆಲಸ ಕೊಟ್ಟು ಉಳಿಸಿಕೊಂಡರೆ ಅವನ ಮನೆಯ ಒಲೆ ಉರಿಯುತ್ತದೆ. ಉದ್ಯಮಕ್ಕೂ ಅನುಭವಸ್ಥನೊಬ್ಬನು ಉಳಿಯುತ್ತಾನೆ. ಉಳಿದ ಕಾರ್ಮಿಕರು ಇದನ್ನೆಲ್ಲ ಗಮನಿಸುತ್ತಲೇ ಇರುತ್ತಾರೆ. ನಾಳೆ ತಮಗೆ ಏನಾದರೂ ಆದರೆ ಮಾಲೀಕರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಅವರು ಅಳೆಯುವುದು ಇದರಿಂದಲೇ. ನುರಿತ ಕೆಲಸಗಾರರು ಸಿಗುವುದೇ ಕಷ್ಟವಾಗಿರುವ ಇಂದಿನ ದಿನಗಳಲ್ಲಿ ಈ ವಿಶ್ವಾಸಕ್ಕೆ ಬೆಲೆಯಿದೆ. ಸದಸ್ಯರು ತಮ್ಮ ಘಟಕದ ಇ.ಎಸ್.ಐ. ಪಟ್ಟಿಯನ್ನೂ ವಿಮಾ ಪಾಲಿಸಿಯನ್ನೂ ಈ ತಿಂಗಳೇ ಒಮ್ಮೆ ತೆಗೆದು, ಹಾಜರಿ ಪುಸ್ತಕದ ಹೆಸರುಗಳೊಂದಿಗೆ ತಾಳೆ ನೋಡಬೇಕೆಂದು ಕೋರುತ್ತೇವೆ. ಬಿಟ್ಟುಹೋದ ಹೆಸರು ಒಂದೇ ಇದ್ದರೂ ಅದನ್ನು ಸೇರಿಸಲು ಅಪಘಾತದ ದಿನದವರೆಗೆ ಕಾಯಬಾರದು.